ಕೆಲಸ ಹಲವು, ಅವಧಾನ ಒಂದು



ನಾವು ಮಾತನಾಡುತ್ತಿರುವ ಈ ಹೊತ್ತಿನಲ್ಲಿ ತಮ್ಮಲ್ಲಿ ಕೆಲವರು ಸುಮ್ಮನೆ ಕುಳಿತು ಕೇಳುತ್ತಿರಬಹುದು. ಉಳಿದವರಲ್ಲಿ ಒಬ್ಬರು ಹೂ ಕಟ್ಟುತ್ತಿರಬಹುದು, ಒಬ್ಬರು ಅವರೆಕಾಳು ಬಿಡಿಸುತ್ತಿರಬಹುದು, ಮತ್ತೊಬ್ಬರು ಪತ್ರಿಕೆಯನ್ನು ಓದುತ್ತಿರಬಹುದು, ಇನ್ನೊಬ್ಬರು ಕೈಯಲ್ಲಿರುವ ಮೊಬೈಲಿಗೆ ಬಂದ ಸಂದೇಶಗಳಿಗೆ ಉತ್ತರ ಬರೆಯುತ್ತಿರಬಹುದು. ಇವರಾರ ಮೇಲೂ ನಮಗೆ ದೂರಿಲ್ಲ. ಕಿವಿಯೊಂದನ್ನು ಮಾತ್ರ ಬೇಡಿ ಕಣ್ಣು ಕೈಗಳನ್ನು ಅವರವರ ಪಾಡಿಗೆ ಬಿಡುವುದು ಬಾನುಲಿಯ ಗುಣವೇ ಆಗಿದೆ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಆದುದರಿಂದ ಮನಶ್ಶಾಸ್ತ್ರಕ್ಕೆ ಸೇರಿದ ಒಂದು ಪ್ರಶ್ನೆಯನ್ನು ಬಾನುಲಿಯಲ್ಲಿ ಎತ್ತುವುದು ಅನುಚಿತವಾಗಲಾರದು.

ಪ್ರಶ್ನೆ ಇದು. ಮೇಲೆ ಹೇಳಿದವರೆಲ್ಲರೂ ಒಂದೇ ಕಾಲದಲ್ಲಿ ಎರಡು ಕೆಲಸ ಮಾಡುತ್ತಿದ್ದಾರೆ. ಆದರೆ ಹೂ ಕಟ್ಟುವವರಿಗೆ ಈ ಭಾಷಣ ಪೂರ್ತಿಯಾಗಿ ದಕ್ಕುತ್ತದೆ, ಹೂವಿನ ಮಾಲೆಯೂ ಕೆಡುವುದಿಲ್ಲ. ಪತ್ರಿಕೆ ಓದುವವರಿಗೆ ಪತ್ರಿಕೆಯೂ ದಕ್ಕುವುದಿಲ್ಲ, ಭಾಷಣವೂ ದಕ್ಕುವುದಿಲ್ಲ. ಹೀಗೇಕೆ? ಒಂದು ಮನಸ್ಸು ಏಕಕಾಲದಲ್ಲಿ ಎಷ್ಟು ಕೆಲಸಗಳನ್ನು ಮಾಡಬಲ್ಲುದು? ಮಾಡಬಲ್ಲುದೆಂದು ನಂಬಿ ನಡೆದರೆ ತೆರಬೇಕಾದ ಬೆಲೆ ಏನು?

ಏಕಕಾಲಕ್ಕೆ ಹತ್ತು ಕೆಲಸ ಮಾಡುವವನನ್ನು ಲೋಕ ಈಗ ಬಹಳವಾಗಿ ಹೊಗಳುತ್ತದೆ. ಕಚೇರಿಗೆ ಅರ್ಜಿ ಹಾಕುವವರು ಇದನ್ನು ತಮ್ಮ ಯೋಗ್ಯತೆಗಳಲ್ಲಿ ಒಂದಾಗಿ ಬರೆದುಕೊಳ್ಳುವುದೂ ಉಂಟು. ಇದಕ್ಕೆ ಇಂಗ್ಲಿಷಿನಲ್ಲಿ ಬಳಕೆಯಾಗಿರುವ ‘ಮಲ್ಟಿಟಾಸ್ಕಿಂಗ್’ ಎಂಬ ಮಾತು ಮನುಷ್ಯರಿಗಾಗಿ ಹುಟ್ಟಿದ್ದಲ್ಲ. 1965ರ ಸುಮಾರಿಗೆ ಐ.ಬಿ.ಎಂ. ಸಂಸ್ಥೆಯವರು ತಮ್ಮ ಗಣಕಯಂತ್ರಗಳ ಶಕ್ತಿಯನ್ನು ವರ್ಣಿಸುವಾಗ ಆ ಮಾತನ್ನು ಬಳಸಿದರು. ಸ್ವಾರಸ್ಯವೇನೆಂದರೆ, ಲೆಕ್ಕ ಮಾಡುವ ಅಂಗ ಒಂದೇ ಇರುವ ಯಂತ್ರವೂ ಹಲವು ಕೆಲಸಗಳನ್ನು ಏಕಕಾಲಕ್ಕೆ ಮಾಡುವುದಿಲ್ಲ. ಒಂದನ್ನು ಸ್ವಲ್ಪ ಮಾಡಿ, ನಿಲ್ಲಿಸಿದ ಸ್ಥಳವನ್ನು ಗುರುತು ಹಾಕಿಕೊಂಡು, ಇನ್ನೊಂದಕ್ಕೆ ಹೋಗಿ, ಮತ್ತೆ ಹಿಂದಿರುಗುತ್ತದೆ. ಅದರ ವೇಗದಿಂದಾಗಿ ಎಲ್ಲವೂ ಒಟ್ಟಿಗೆ ನಡೆದಂತೆ ನಮಗೆ ತೋರುತ್ತದೆ. ಯಂತ್ರ ತನ್ನ ಗುರುತನ್ನು ಮರೆಯುವುದಿಲ್ಲ. ಮನುಷ್ಯನು ಮರೆಯುತ್ತಾನೆ.

ಈ ವಿಷಯವನ್ನು ನಾವು ಪುಸ್ತಕ ಓದಿ ಆರಿಸಿಕೊಂಡವರಲ್ಲ. ನಮ್ಮ ತಂದೆಯವರು ಹಾಸಿಗೆ ಹಿಡಿದಿದ್ದ ಕಾಲ. ಒಂದು ಸಂಜೆ ನಾವು ಅವರ ಮಂಚದ ಬಳಿಯಲ್ಲಿಯೇ ಕುಳಿತು ಆ ತಿಂಗಳ ಖರ್ಚಿನ ಲೆಕ್ಕವನ್ನು ಕೂಡಿಸುತ್ತಿದ್ದೆವು. ಅವರು ಮೆಲ್ಲನೆ ಏನನ್ನೋ ಹೇಳಿದರು. ಹೇಳಿ, “ಕೇಳಿಸಿತೇನಪ್ಪ?” ಎಂದರು. “ಕೇಳಿಸಿತು, ಆಗಲಿ” ಎಂದೆವು. ಅವರು ಸಮಾಧಾನದಿಂದ ಗೋಡೆಯ ಕಡೆಗೆ ತಿರುಗಿ ಮಲಗಿದರು. ಅವರು ತೀರಿಕೊಂಡ ಮೇಲೆ, ಕರ್ಮಗಳೆಲ್ಲ ಮುಗಿದ ಒಂದು ದಿನ ಆ ಸಂಜೆಯ ಮಾತು ನಮ್ಮ ನೆನಪಿಗೆ ಬಂತು. ಯಾರಿಗೋ ಆರು ಸಾವಿರ ರೂಪಾಯಿ ಕೊಡಬೇಕು, ಪತ್ರವಿಲ್ಲ, ಕೈಮಾತಿನ ಸಾಲ, ಮರೆಯಬಾರದು ಎಂದು ಅವರು ಹೇಳಿದ್ದರು. ಯಾರಿಗೆ ಎಂಬುದು ಮಾತ್ರ ಎಷ್ಟು ತಡಕಿದರೂ ಸಿಕ್ಕಲಿಲ್ಲ. ಆಗ ನಮ್ಮ ತಲೆಯಲ್ಲಿ ಓಡುತ್ತಿದ್ದುದು ಅಂಕಿಗಳು. ಆದುದರಿಂದ ಅವರ ಮಾತಿನೊಳಗಿನ ಅಂಕಿ ಒಳಗೆ ಬಂತು, ಹೆಸರು ಹೊರಗೇ ಉಳಿಯಿತು. ಆ ಸಂಜೆಯ ಲೆಕ್ಕವನ್ನು ತೆಗೆದು ನೋಡಿದೆವು. ಅದೂ ತಪ್ಪಾಗಿತ್ತು.

ಕನ್ನಡದಲ್ಲಿ ಕೇಳಿಸುವುದು ಬೇರೆ, ಕೇಳುವುದು ಬೇರೆ. ಕೇಳಿಸುವುದು ಕಿವಿಯ ಕೆಲಸ. ಕೇಳುವುದು ಮನಸ್ಸಿನ ಕೆಲಸ. ನಾವು ತಂದೆಯವರಿಗೆ ಹೇಳಿದ್ದು ಸುಳ್ಳಲ್ಲ. ಕೇಳಿಸಿತ್ತು. ಕೇಳಿರಲಿಲ್ಲ.

ಈ ಭೇದವನ್ನು ಶಾಸ್ತ್ರಜ್ಞರು ಮೊದಲು ಗಮನಿಸಿದ್ದು ಮನಶ್ಶಾಸ್ತ್ರದ ಪ್ರಯೋಗಶಾಲೆಯಲ್ಲಲ್ಲ, ನಕ್ಷತ್ರ ನೋಡುವ ವೇಧಶಾಲೆಯಲ್ಲಿ. ಇಂಗ್ಲೆಂಡಿನ ಗ್ರೀನಿಚ್ ವೇಧಶಾಲೆಯಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ನಕ್ಷತ್ರವೊಂದು ದೂರದರ್ಶಕದ ನಡುವಣ ತಂತಿಯನ್ನು ದಾಟುವ ಕ್ಷಣವನ್ನು ಹೀಗೆ ಗುರುತಿಸುತ್ತಿದ್ದರು. ವೀಕ್ಷಕನು ಕಣ್ಣಿನಿಂದ ನಕ್ಷತ್ರದ ಚಲನೆಯನ್ನು ನೋಡಬೇಕು. ಅದೇ ಕಾಲದಲ್ಲಿ ಕಿವಿಯಿಂದ ಗಡಿಯಾರದ ಸದ್ದನ್ನು ಎಣಿಸಬೇಕು. ಎರಡನ್ನೂ ಕೂಡಿಸಿ ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಕಾಲವನ್ನು ಬರೆಯಬೇಕು. ವೇಧಶಾಲೆಯ ಮುಖ್ಯಸ್ಥರಾಗಿದ್ದ ಮ್ಯಾಸ್ಕಲೀನರಿಗೆ ತಮ್ಮ ಸಹಾಯಕ ಕಿನ್ನೆಬ್ರೂಕನು ಬರೆಯುವ ಕಾಲ ತಾವು ಬರೆಯುವುದಕ್ಕಿಂತ ಹಿಂದೆ ಬೀಳುತ್ತಿದೆಯೆಂದು ಕಂಡಿತು. ತಿಳಿಯಹೇಳಿದರೂ ಅದು ಸರಿಹೋಗಲಿಲ್ಲ. ವ್ಯತ್ಯಾಸ ಬೆಳೆದು ಸೆಕೆಂಡಿನ ಹತ್ತರಲ್ಲಿ ಎಂಟು ಭಾಗವಾಯಿತು. 1796ರಲ್ಲಿ ಆ ಸಹಾಯಕನನ್ನು ಕೆಲಸದಿಂದ ತೆಗೆದುಹಾಕಿದರು.

ಸುಮಾರು ಇಪ್ಪತ್ತು ವರ್ಷಗಳ ಮೇಲೆ ಕೋನಿಗ್ಸ್‌ಬರ್ಗಿನ ಖಗೋಲಜ್ಞ ಬೆಸ್ಸೆಲರು ಈ ವೃತ್ತಾಂತವನ್ನು ಓದಿ, ಇದು ಸಹಾಯಕನ ಸೋಮಾರಿತನವಲ್ಲದೆ ಬೇರೇನಾದರೂ ಇದ್ದೀತೇ ಎಂದು ಸಂದೇಹಪಟ್ಟರು. ತಾವು ಮತ್ತು ಇತರ ನುರಿತ ಖಗೋಲಜ್ಞರು ಅವೇ ನಕ್ಷತ್ರಗಳನ್ನು ನೋಡಿ ಬರೆದ ಕಾಲಗಳನ್ನು ಹೋಲಿಸಿದರು. ಅವರಲ್ಲಿಯೂ ವ್ಯತ್ಯಾಸ ಕಂಡಿತು. ಒಬ್ಬರೊಡನೆ ಅದು ಒಂದು ಸೆಕೆಂಡನ್ನೂ ಮೀರಿತ್ತು. 1861ರಲ್ಲಿ ಜರ್ಮನಿಯ ವುಂಟ್ ಅವರು ಲೋಲಕವನ್ನೂ ಗಂಟೆಯನ್ನೂ ಜೋಡಿಸಿದ ಒಂದು ಸಾಧನದಿಂದ ಇದನ್ನೇ ಪರೀಕ್ಷಿಸಿದರು. ಕಣ್ಣಿಗೆ ಕಂಡುದನ್ನೂ ಕಿವಿಗೆ ಬಿದ್ದುದನ್ನೂ ಮನಸ್ಸು ಒಂದೇ ಕ್ಷಣದಲ್ಲಿ ಗ್ರಹಿಸಲಾರದು, ಒಂದರಿಂದ ಇನ್ನೊಂದಕ್ಕೆ ಹೋಗಲು ಅದಕ್ಕೆ ಕಾಲ ಬೇಕು ಎಂದು ಅವರು ತೀರ್ಮಾನಿಸಿದರು. ಪಾಪ, ಆ ಸಹಾಯಕನು ಕೆಲಸ ಕಳೆದುಕೊಂಡದ್ದು ಎಲ್ಲ ಮನುಷ್ಯರಿಗೂ ಸಮಾನವಾದ ಒಂದು ಮಿತಿಗಾಗಿ.

ಈ ಮಿತಿಯನ್ನು ಶ್ರೋತೃಗಳು ತಾವೇ ಪರೀಕ್ಷಿಸಿ ನೋಡಬಹುದು. ಗಡಿಯಾರವನ್ನು ಮುಂದಿಟ್ಟುಕೊಂಡು ಒಂದರಿಂದ ಹತ್ತರವರೆಗೆ ಎಣಿಸಿ, ಆಮೇಲೆ ಕ ಖ ಗ ಘ ಎಂದು ಆರಂಭಿಸಿ ಞ ವರೆಗಿನ ಹತ್ತು ಅಕ್ಷರಗಳನ್ನು ಹೇಳಿರಿ. ಎಷ್ಟು ಹೊತ್ತಾಯಿತೆಂದು ಗುರುತಿಸಿಕೊಳ್ಳಿರಿ. ಈಗ ಎರಡನ್ನೂ ಹೆಣೆದು, ಒಂದು-ಕ, ಎರಡು-ಖ, ಮೂರು-ಗ ಎಂದು ಹೇಳಿರಿ. ಮಾತುಗಳು ಅವೇ ಇಪ್ಪತ್ತು. ಆದರೂ ನಾಲಗೆ ತಡವರಿಸುತ್ತದೆ, ಹೊತ್ತು ಹೆಚ್ಚಾಗುತ್ತದೆ, ಆರು ಏಳರ ಹೊತ್ತಿಗೆ ಯಾವ ಅಕ್ಷರದಲ್ಲಿದ್ದೆವೆಂಬುದೇ ಸಂದೇಹವಾಗುತ್ತದೆ. ಅಮೆರಿಕದ ಜೆರ್ಸಿಲ್ಡ್ ಎಂಬವರು 1927ರಲ್ಲಿ ಇದೇ ಬಗೆಯ ಪ್ರಯೋಗಗಳನ್ನು ಕ್ರಮವಾಗಿ ಮಾಡಿ ಪ್ರಕಟಿಸಿದರು. ಒಂದೇ ಬಗೆಯ ಲೆಕ್ಕವನ್ನು ಸಾಲಾಗಿ ಮಾಡುವುದಕ್ಕಿಂತ ಎರಡು ಬಗೆಯ ಲೆಕ್ಕಗಳನ್ನು ಒಂದಾದ ಮೇಲೊಂದರಂತೆ ಬದಲಿಸುತ್ತ ಮಾಡುವುದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದು ಅವುಗಳಿಂದ ತಿಳಿದುಬಂತು. ಈ ಹೆಚ್ಚಿನ ಹೊತ್ತು ಹೋಗುವುದು ಎರಡು ಕೆಲಸಗಳಲ್ಲಿ ಯಾವುದಕ್ಕೂ ಅಲ್ಲ. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವುದಕ್ಕೆ. ಮೊದಲು ಉದ್ದೇಶವನ್ನು ಬದಲಿಸಬೇಕು, ಅನಂತರ ಹಳೆಯ ಕೆಲಸದ ನಿಯಮಗಳನ್ನು ಅಡಗಿಸಿ ಹೊಸ ಕೆಲಸದ ನಿಯಮಗಳನ್ನು ಎಬ್ಬಿಸಬೇಕು. ಊರಿಂದೂರಿಗೆ ಹೋಗುವವನು ಗಡಿಯಲ್ಲಿ ಸುಂಕ ಕೊಟ್ಟಂತೆ ಇದು. ದಿನಕ್ಕೊಮ್ಮೆ ದಾಟಿದವನಿಗೆ ಸುಂಕ ಹೊರೆಯಲ್ಲ. ಗಳಿಗೆಗೊಮ್ಮೆ ಆಚೆ ಈಚೆ ಓಡಾಡುವವನು ಗಂಟಿನಲ್ಲಿರುವುದನ್ನೆಲ್ಲ ಸುಂಕಕ್ಕೇ ತೆರುತ್ತಾನೆ.

ಹೊತ್ತು ಹೋದರೆ ಹೋಗಲಿ ಎಂದರೆ, ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಒಂದಾದ ಮೇಲೊಂದು ಹೆಜ್ಜೆಯನ್ನು ತಪ್ಪದೆ ಇಡಬೇಕಾದ ಕೆಲಸದ ನಡುವೆ ಸರಾಸರಿ ಮೂರು ಸೆಕೆಂಡು ಕೂಡ ಇಲ್ಲದ ಸಣ್ಣ ಅಡ್ಡಿ ಬಂದರೂ ಹೆಜ್ಜೆ ತಪ್ಪುವುದು ಇಮ್ಮಡಿಯಾಯಿತೆಂದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಮೊಬೈಲು ಒಮ್ಮೆ ಗುಂಯ್ ಎಂದುದನ್ನು ನೋಡಿ ಮತ್ತೆ ಕೆಳಗಿಡುವಷ್ಟು ಹೊತ್ತು ಅದು. ವಾಹನ ನಡೆಸುವಾಗ ದೂರವಾಣಿಯಲ್ಲಿ ಮಾತನಾಡುವವರ ವಿಷಯವಂತೂ ಪ್ರಾಣಕ್ಕೆ ಸಂಬಂಧಿಸಿದ್ದು. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ವಾಹನ ನಡೆಸುವುದನ್ನು ಹೋಲುವ ಕೆಲಸವನ್ನು ಕೊಟ್ಟು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದಂತೆ, ಮಾತನಾಡುತ್ತಿದ್ದವರು ಇಮ್ಮಡಿ ಸಂಕೇತಗಳನ್ನು ತಪ್ಪಿಸಿಕೊಂಡರು. ದೂರವಾಣಿಯನ್ನು ಕೈಯಲ್ಲಿ ಹಿಡಿದಿರಲಿ, ಹಿಡಿಯದೆಯೇ ಮಾತನಾಡಲಿ, ಫಲ ಒಂದೇ ಆಗಿತ್ತು. ಅಂದಮೇಲೆ ತೊಡಕು ಕೈಯದಲ್ಲ, ಮನಸ್ಸಿನದು. ಕಣ್ಣು ರಸ್ತೆಯ ಮೇಲೆ ಇದ್ದೇ ಇತ್ತು. ನೋಡುವವನು ಮಾತ್ರ ಅಲ್ಲಿರಲಿಲ್ಲ.

ನಮಗೆ ಹಾಗಾಗುವುದಿಲ್ಲ, ನಮಗೆ ರೂಢಿಯಿದೆ ಎನ್ನುವವರು ಅನೇಕರು. 2010ರಲ್ಲಿ ಅದೇ ವಿಶ್ವವಿದ್ಯಾನಿಲಯದವರು 200 ಮಂದಿಯನ್ನು ಇಂಥ ಜೋಡಿ ಕೆಲಸದಲ್ಲಿ ಪರೀಕ್ಷಿಸಿದಾಗ ಯಾವ ನಷ್ಟವೂ ಇಲ್ಲದೆ ಎರಡನ್ನೂ ಮಾಡಿದವರು ನೂರಕ್ಕೆ ಎರಡೂವರೆ ಮಂದಿ, ಎಂದರೆ ಐವರು. ಆ ಐವರಲ್ಲಿ ತಾವೊಬ್ಬರೆಂದು ಪ್ರತಿಯೊಬ್ಬರೂ ನಂಬುವುದೇ ಈ ಕಥೆಯಲ್ಲಿ ಅಪಾಯದ ಭಾಗ.

ಇಲ್ಲಿ ಶ್ರೋತೃಗಳು ಎರಡು ಆಕ್ಷೇಪಣೆಗಳನ್ನು ಎತ್ತಬಹುದು. ಮೊದಲನೆಯದು ನಮ್ಮ ಅಡುಗೆಮನೆಯಿಂದ ಬರುತ್ತದೆ. ಒಂದು ಒಲೆಯ ಮೇಲೆ ಬೇಳೆ, ಇನ್ನೊಂದರ ಮೇಲೆ ಅನ್ನ, ಕೈಯಲ್ಲಿ ತರಕಾರಿ, ಬಾಯಲ್ಲಿ ಮಗುವಿಗೆ ಮಗ್ಗಿ. ಗೃಹಿಣಿ ದಿನವೂ ನಾಲ್ಕು ಕೆಲಸಗಳನ್ನು ಒಟ್ಟಿಗೆ ಮಾಡುವುದಿಲ್ಲವೇ ಎಂದು ಕೇಳಬಹುದು. ಆಕೆಯ ಜಾಣ್ಮೆಯನ್ನು ಸರಿಯಾಗಿ ನೋಡಿದರೆ ಅದು ಬೇರೊಂದು ಪಾಠವನ್ನು ಹೇಳುತ್ತದೆ. ಬೇಳೆಯನ್ನು ಬೇಯಿಸುತ್ತಿರುವುದು ಬೆಂಕಿ, ಆಕೆಯಲ್ಲ. ಯಾವುದು ತಾನಾಗಿ ಬೇಯುವುದೋ ಅದನ್ನು ಮೊದಲು ಒಲೆಗೇರಿಸಿ, ಅದು ಬೇಯುವಷ್ಟರಲ್ಲಿ ತನ್ನ ಕೈ ಬೇಕಾದ ಕೆಲಸಕ್ಕೆ ಕೂರುತ್ತಾಳೆ. ತರಕಾರಿ ಹೆಚ್ಚುವುದು ಕೈಗೆ ಕರಗತವಾದ ಕೆಲಸವಾದುದರಿಂದ ಬಾಯಿ ಮಗ್ಗಿ ಹೇಳಬಲ್ಲುದು. ಆದರೆ ಒಗ್ಗರಣೆಗೆ ಸಾಸಿವೆ ಹಾಕಿದ ಕ್ಷಣದಲ್ಲಿ ಆಕೆ ಮಗುವಿಗೆ “ಸ್ವಲ್ಪ ತಡಿಯೋ” ಎನ್ನುತ್ತಾಳೆ. ಒಗ್ಗರಣೆ ಪೂರ್ತಿ ಮನಸ್ಸನ್ನು ಬೇಡುತ್ತದೆ ಎಂದು ಆಕೆಗೆ ಗೊತ್ತು. ಒಗ್ಗರಣೆಯೂ ಹಾಲು ಉಕ್ಕುವುದೂ ಒಂದೇ ಗಳಿಗೆಗೆ ಬಂದ ದಿನ ಎಷ್ಟು ಜಾಣೆಯ ಮನೆಯಲ್ಲಾದರೂ ಒಂದು ಸೀಯುತ್ತದೆ, ಇಲ್ಲವೇ ಇನ್ನೊಂದು ಚೆಲ್ಲುತ್ತದೆ. ಅಡುಗೆಮನೆಯ ವಿದ್ಯೆ ಕೆಲಸಗಳನ್ನು ಒಟ್ಟಿಗೆ ಮಾಡುವ ವಿದ್ಯೆಯಲ್ಲ, ಒಂದರ ಮೇಲೊಂದು ಬೀಳದಂತೆ ಸಾಲುಗೊಳಿಸುವ ವಿದ್ಯೆ.

ಅಭ್ಯಾಸದಿಂದ ಇನ್ನೂ ಮುಂದೆ ಹೋಗಲಾಗದೇ ಎಂದರೆ, ಹೋಗಬಹುದು. 1976ರಲ್ಲಿ ಅಮೆರಿಕದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಕಥೆಯನ್ನು ಓದುತ್ತಿರುವಾಗಲೇ ಬೇರೊಬ್ಬರು ಹೇಳಿದ ಶಬ್ದಗಳನ್ನು ಬರೆದುಕೊಳ್ಳುವ ಅಭ್ಯಾಸವನ್ನು ಮಾಡಿಸಿದರು. ಮೊದಮೊದಲು ಎರಡೂ ಕೆಟ್ಟವು. ಹಲವು ವಾರಗಳ ಬಳಿಕ ಓದಿನ ವೇಗ ಮೊದಲಿನಂತಾಯಿತು. ಆದರೆ ಆ ಹಂತದಲ್ಲಿ ತಾವು ಬರೆದ ಶಬ್ದಗಳಲ್ಲಿ ಒಂದಕ್ಕೊಂದು ಸಂಬಂಧವಿದ್ದುದು ಅವರ ಗಮನಕ್ಕೆ ಬರಲಿಲ್ಲ. ಕೈ ಬರೆದಿತ್ತು. ಅರ್ಥವನ್ನು ಗಮನಿಸುವುದಕ್ಕೆ ಮತ್ತೆ ಬೇರೆ ಅಭ್ಯಾಸವೇ ಬೇಕಾಯಿತು.

ಎರಡನೆಯ ಆಕ್ಷೇಪಣೆ ನಮ್ಮ ವಿದ್ವತ್ಸಭೆಯಿಂದ ಬರುತ್ತದೆ, ಮತ್ತು ಅದು ಇದಕ್ಕಿಂತ ಬಲವಾದದ್ದು. ನಮ್ಮಲ್ಲಿ ಅಷ್ಟಾವಧಾನವೆಂಬ ಕಲೆ ಉಂಟು. ಕನ್ನಡದಲ್ಲಿ ಅದಕ್ಕೆ ಹೊಸ ಜೀವ ಬಂದುದನ್ನು ಶತಾವಧಾನಿ ಆರ್. ಗಣೇಶರ ಸಭೆಗಳಲ್ಲಿ ಕುಳಿತವರೆಲ್ಲರೂ ಬಲ್ಲರು. ಎಂಟು ಮಂದಿ ಪೃಚ್ಛಕರು ಅವಧಾನಿಯನ್ನು ಸುತ್ತುವರಿದು ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯ ಸಾಲು ಕೊಟ್ಟು ಪದ್ಯವನ್ನು ಪೂರಣಮಾಡಿ ಎನ್ನುತ್ತಾರೆ. ಒಬ್ಬರು ದತ್ತಪದಿಯಲ್ಲಿ ಒಂದಕ್ಕೊಂದು ಹೊಂದದ ಪದಗಳನ್ನು ಕೊಟ್ಟು ಅವನ್ನು ಪದ್ಯದಲ್ಲಿ ಸೇರಿಸಿ ಎನ್ನುತ್ತಾರೆ. ನಿಷೇಧಾಕ್ಷರಿಯವರು ಅವಧಾನಿ ಒಂದಕ್ಷರ ಹೇಳಿದೊಡನೆ ಮುಂದಿನ ಅಕ್ಷರ ಇಂಥದು ಬರಕೂಡದೆಂದು ತಡೆಯುತ್ತಾರೆ. ಸಂಖ್ಯಾಬಂಧದವರು ನಡುನಡುವೆ ಇಂಥ ಮನೆಗೆ ಯಾವ ಸಂಖ್ಯೆ ಎಂದು ಕೇಳುತ್ತಾರೆ. ಅಪ್ರಸ್ತುತ ಪ್ರಸಂಗದವರಂತೂ ಏಕಾಗ್ರತೆಯನ್ನು ಕೆಡಿಸುವುದಕ್ಕೆಂದೇ ಇರುವವರು, ಬೇಕೆಂದಾಗ ಬಾಯಿ ಹಾಕಿ ಏನನ್ನಾದರೂ ಕೇಳಿ ಸಭೆಯನ್ನು ನಗಿಸುತ್ತಾರೆ. ಇವೆಲ್ಲದರ ನಡುವೆ ಪದ್ಯಗಳು ಪೂರ್ತಿಯಾಗುತ್ತವೆ. ಇದು ಏಕಕಾಲದ ಬಹುಕಾರ್ಯವಲ್ಲದೆ ಮತ್ತೇನು?

ಸಭೆಯಲ್ಲಿ ಕುಳಿತು ಗಮನಿಸಿದರೆ ಉತ್ತರ ಅಲ್ಲಿಯೇ ಇದೆ. ಅವಧಾನಿ ಎಂಟು ಮಂದಿಯ ಮಾತನ್ನು ಒಟ್ಟಿಗೆ ಕೇಳುವುದಿಲ್ಲ. ಒಬ್ಬರ ಕಡೆಗೆ ತಿರುಗಿದರೆ ಪೂರ್ತಿಯಾಗಿ ತಿರುಗುತ್ತಾರೆ. ಅವರ ಪದ್ಯದ ಒಂದು ಪಾದವನ್ನು ಮುಗಿಸುತ್ತಾರೆ. ಪಾದ ಮುಗಿದ ಮೇಲೆಯೇ ಮುಂದಿನವರ ಸರದಿ. ಹೀಗೆ ನಾಲ್ಕು ಸುತ್ತುಗಳಲ್ಲಿ ನಾಲ್ಕು ಪಾದಗಳು ಆಗಿ, ಕೊನೆಯಲ್ಲಿ ಧಾರಣೆಯಿಂದ ಇಡೀ ಪದ್ಯಗಳನ್ನು ಒಪ್ಪಿಸುತ್ತಾರೆ. ಬಿಟ್ಟುಹೋಗುವ ಸ್ಥಳ ಖಚಿತವಾಗಿರುವುದರಿಂದ ಹಿಂದಿರುಗುವ ಸ್ಥಳವೂ ಖಚಿತ. ಅಪ್ರಸ್ತುತ ಪ್ರಸಂಗಿಗೆ ಕೂಡ ಅರೆಮನಸ್ಸಿನ ಉತ್ತರ ಸಿಕ್ಕುವುದಿಲ್ಲ. ನಗೆಯನ್ನು ಪೂರ್ತಿ ನಕ್ಕು ಪದ್ಯಕ್ಕೆ ಮರಳುತ್ತಾರೆ. ಕಲೆಯ ಹೆಸರನ್ನೇ ನೋಡಿರಿ. ಅದನ್ನು ನಮ್ಮ ಹಿರಿಯರು ಅಷ್ಟಕಾರ್ಯ ಎನ್ನಲಿಲ್ಲ, ಅಷ್ಟಾವಧಾನ ಎಂದರು. ಹೊಗಳಿಕೆ ಎಂಟು ಕೆಲಸಗಳಿಗಲ್ಲ, ಎಂಟು ಕಡೆಯೂ ಕುಂದದ ಅವಧಾನಕ್ಕೆ.

ದಿನದಿನದ ಕೆಲಸಕ್ಕೆ ಇದರಿಂದ ನಾವು ತೆಗೆದುಕೊಳ್ಳಬಹುದಾದ ಕ್ರಮ ಯಾವುದು? ಮೊದಲನೆಯದಾಗಿ, ಕೈಯ ಕೆಲಸವನ್ನು ಮನಸ್ಸಿನ ಕೆಲಸದೊಡನೆ ಜೋಡಿಸಬಹುದು, ಮನಸ್ಸಿನ ಎರಡು ಕೆಲಸಗಳನ್ನು ಜೋಡಿಸಬಾರದು. ಹೂ ಕಟ್ಟುತ್ತ ಕೇಳಬಹುದು, ಓದುತ್ತ ಕೇಳಲಾಗದು.

ಎರಡನೆಯದಾಗಿ, ಸಣ್ಣ ಕೆಲಸಗಳನ್ನು ಒಂದೆಡೆ ಕಲೆಹಾಕಿ ಒಂದು ಹೊತ್ತನ್ನು ಗೊತ್ತುಮಾಡಬೇಕು. ಅಂಚೆಯವನು ಪ್ರತಿಯೊಂದು ಕಾಗದಕ್ಕೂ ಒಂದೊಂದು ಸಲ ಊರು ಸುತ್ತುವುದಿಲ್ಲ. ಸಂದೇಶಗಳಿಗೆ ಉತ್ತರ ಬರೆಯುವುದು, ಬಿಲ್ಲು ಕಟ್ಟುವುದು, ದೂರವಾಣಿಯಲ್ಲಿ ವಿಚಾರಿಸುವುದು, ಇವಕ್ಕೆಲ್ಲ ದಿನದಲ್ಲಿ ಎರಡು ಹೊತ್ತು ಸಾಕು. ವೈದ್ಯರಂತೆ, ಕಾವಲಿನವರಂತೆ ಕರೆಯನ್ನು ಕಾಯಲೇಬೇಕಾದ ವೃತ್ತಿಯವರ ಮಾತು ಬೇರೆ. ಉಳಿದವರು ಕಾಯುತ್ತಿರುವುದು ಬಹುಮಟ್ಟಿಗೆ ಅಭ್ಯಾಸದಿಂದ.

ಮೂರನೆಯದಾಗಿ, ಕೆಲಸವನ್ನು ನಡುವೆ ಬಿಡಲೇಬೇಕಾಗಿ ಬಂದರೆ ಪಾದ ಮುಗಿಸಿ ಬಿಡಬೇಕು. ಮುಗಿಯದ ಕೆಲಸದಿಂದ ಎದ್ದುಹೋದವನ ಮನಸ್ಸಿನ ಒಂದು ಪಾಲು ಹಿಂದೆಯೇ ಉಳಿದು, ಮುಂದಿನ ಕೆಲಸ ಸೊರಗುತ್ತದೆಂದು 2009ರ ಒಂದು ಸಂಶೋಧನೆ ತೋರಿಸಿತು. ಇದಕ್ಕೆ ಮದ್ದು ಸುಲಭವಾದದ್ದು. ಉಳಿದ ಕೆಲಸವನ್ನು ಯಾವಾಗ, ಹೇಗೆ ಮಾಡುವೆವೆಂದು ಖಚಿತವಾಗಿ ಗೊತ್ತುಮಾಡಿಕೊಂಡರೆ, ಕೆಲಸ ಮುಗಿಯದಿದ್ದರೂ ಅದರ ಕಾಟ ನಿಲ್ಲುತ್ತದೆಂದು 2011ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಂಡುಬಂತು. ಏಳುವ ಮುನ್ನ ಕಾಗದದ ಅಂಚಿನಲ್ಲಿ “ಇಲ್ಲಿಯವರೆಗೆ ಆಯಿತು, ಮುಂದೆ ಇದು” ಎಂದು ಒಂದು ಸಾಲು ಬರೆಯುವುದಕ್ಕೆ ಅರ್ಧ ನಿಮಿಷ ಸಾಕು. ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಎಂಬ ಗಾದೆಗೆ ನಾವು ಇದನ್ನು ಸೇರಿಸಬಹುದು: ಕಟ್ಟಿದ ಮುತ್ತಿಗೆ ಗಂಟು ಹಾಕಿ ಏಳು.

ನಾಲ್ಕನೆಯದು ಮೇಲಿನ ಮೂರಕ್ಕಿಂತ ದೊಡ್ಡದು, ಅದು ಕಾಲದ ಉಳಿತಾಯಕ್ಕೆ ಸೇರಿದ್ದಲ್ಲ. ಕೆಲಸದ ನಡುವೆ ಯಾರಾದರೂ ಬಂದು ಮಾತನಾಡಿದರೆ ಲೇಖನಿಯನ್ನು ಕೆಳಗಿಡಬೇಕು. ಇಡಲಾಗದಿದ್ದರೆ “ಒಂದು ಗಳಿಗೆ ತಾಳಿ, ಈ ಸಾಲು ಮುಗಿಸಿ ಕೇಳುತ್ತೇನೆ” ಎಂದು ಹೇಳಬೇಕು. ಇದನ್ನು ಒರಟುತನವೆಂದು ತಿಳಿದು ನಾವು ಬರೆಯುತ್ತಲೇ ಹೂಂಗುಟ್ಟುತ್ತೇವೆ. ನಿಜವಾದ ಒರಟುತನ ಆ ಹೂಂಕಾರದಲ್ಲಿಯೇ ಇದೆ. ಕಾಯಿಸಿದವರ ಮಾತು ತಡವಾಗಿಯಾದರೂ ನಮ್ಮನ್ನು ಮುಟ್ಟುತ್ತದೆ. ಹೂಂಗುಟ್ಟಿದವರ ಮಾತು ಮುಟ್ಟಿತೆಂದು ಅವರು ನಂಬುತ್ತಾರೆ, ಆದುದರಿಂದ ಎರಡನೆಯ ಸಲ ಹೇಳುವುದೇ ಇಲ್ಲ. ಮಕ್ಕಳು ಹೇಳುವುದನ್ನು ಬಿಟ್ಟುಬಿಡುತ್ತಾರೆ. ಮುದುಕರಿಗೆ ಹೇಳುವುದಕ್ಕೆ ಇನ್ನೊಂದು ಸಂಜೆ ಇರುವುದಿಲ್ಲ.

ತಂದೆಯವರ ಹಳೆಯ ಪುಸ್ತಕಗಳನ್ನೆಲ್ಲ ನಾವು ಹುಡುಕಿದೆವು. ಅವರ ಸ್ನೇಹಿತರನ್ನೂ ನೆಂಟರನ್ನೂ ಒಬ್ಬೊಬ್ಬರನ್ನಾಗಿ ಕಂಡು ಕೇಳಿದೆವು. ತಮಗೆ ಬರಬೇಕೆಂದು ಯಾರೂ ಹೇಳಲಿಲ್ಲ. ಕೊಟ್ಟವರು ಸಂಕೋಚದವರಿರಬೇಕು, ಅಥವಾ ಅವರೂ ತೀರಿಕೊಂಡಿರಬೇಕು. ಆ ಆರು ಸಾವಿರ ರೂಪಾಯಿಯನ್ನು ಒಂದು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟಿದ್ದೇವೆ. ಲಕೋಟೆಯ ಮೇಲೆ ಹೆಸರು ಬರೆಯುವ ಸ್ಥಳ ಖಾಲಿಯಾಗಿಯೇ ಇದೆ. ಲೆಕ್ಕವನ್ನು ಮರುದಿನ ಕೂಡಿಸಿದ್ದರೆ ಯಾವ ನಷ್ಟವೂ ಇರಲಿಲ್ಲ. ಆ ಸಂಜೆ ಉಳಿಸಿಕೊಂಡೆವೆಂದು ತಿಳಿದ ಕಾಲು ಗಂಟೆಗೆ ನಾವು ತೆತ್ತುದು ತಂದೆಯವರ ಋಣವನ್ನು ತೀರಿಸುವ ಅವಕಾಶವನ್ನು.

ಶ್ರೋತೃಗಳಲ್ಲಿ ಯಾರಾದರೂ ಈ ಭಾಷಣವನ್ನು ಅರೆಗಿವಿಯಿಂದ ಕೇಳಿದ್ದರೆ ಅದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಇದು ಮುಗಿದ ಮೇಲೆ ಮನೆಯಲ್ಲಿ ಯಾರಾದರೂ ತಮ್ಮನ್ನು ಕರೆದರೆ, ಕೈಯಲ್ಲಿರುವುದನ್ನು ಕೆಳಗಿಟ್ಟು ಅವರ ಕಡೆಗೆ ತಿರುಗಬೇಕೆಂದು ಬೇಡಿಕೊಂಡು, ನಮ್ಮ ಮಾತನ್ನು ಮುಗಿಸುತ್ತೇವೆ.